ಅತ್ತೆಯ ಅಂತರರಾಷ್ಟ್ರೀಯ ಆತಂಕ

ಈ ಭೂಮಿ ಇನ್ನೂ ಸುಸೂತ್ರವಾಗಿ ತಿರುಗುತ್ತಿದ್ದರೆ ಅದಕ್ಕೆ ನಮ್ಮ ಅತ್ತೆಯೇ ಕಾರಣ. ನೀವು ನಂಬಬೇಕಾಗಿಲ್ಲ, ಅತ್ತೆ ನಂಬಿದ್ದಾರೆ. ಅವರ ಸಿದ್ಧಾಂತ ಬಹಳ ಸರಳ. ಯಾವ ಅನಾಹುತದ ಬಗ್ಗೆ ಯಾರಾದರೊಬ್ಬರು ಮೊದಲೇ ಕೂತು ಹೆದರಿರುತ್ತಾರೋ ಆ ಅನಾಹುತ ನಡೆಯುವುದಿಲ್ಲ. ಯಾರೂ ಹೆದರದೆ ಬಿಟ್ಟದ್ದೇ ನಡೆಯುವುದು. ಮಿಕ್ಕವರೆಲ್ಲ ಬೇಜವಾಬ್ದಾರಿಗಳಾದ್ದರಿಂದ ಹೆದರುವ ಕೆಲಸ ಅತ್ತೆಯ ಪಾಲಿಗೆ ಬಂದಿದೆ.

ಇವರು ನನ್ನ ತಂದೆಯ ತಂಗಿ. ಹುಟ್ಟೂರು ಮಾಲೂರು ತಾಲ್ಲೂಕಿನ ಲಕ್ಕೂರು, ವಾಸ ಕೋಲಾರದಲ್ಲಿ, ಒಂಟಿಯಾಗಿ. ಯಾಕೆ ಮದುವೆಯಾಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಬಂದ ಗಂಡುಗಳ ಬಗ್ಗೆ ಯೋಚನೆ ಮಾಡ್ತಿದ್ದೆ ಕಣೋ. ಮಾಡಿ ಮುಗಿಸೋ ಹೊತ್ತಿಗೆ ಅವರ ಮಕ್ಕಳಿಗೇ ಮದುವೆ ಆಗೋಗಿತ್ತು" ಎಂದರು. ಲಕ್ಕೂರಿಗೆ ಹೋಗಲು ಮಾಲೂರಿನ ಬಸ್ಸು ಹತ್ತಿದರೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡನೇ ಸ್ಟಾಪಿನಲ್ಲಿ ಇಳಿಯುತ್ತಾರೆ. ಮನೆಗೆ ಹೋಗಿ ನೋಡಿದರೆ ಆರಿಸಿರುತ್ತದೆ. ಸಮಾಧಾನದಿಂದ ಮತ್ತೆ ಬಸ್ಸು ಹತ್ತಿದರೆ, ಗ್ಯಾಸ್ ನೋಡುವ ಗಡಿಬಿಡಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಮತ್ತೆ ಅದೇ ಎರಡನೇ ಸ್ಟಾಪು. ಒಬ್ಬ ಕಂಡಕ್ಟರು ತಡೆಯಲಾರದೆ ಕೇಳಿಯೇಬಿಟ್ಟರಂತೆ: "ಅಕ್ಕಾ, ಹೆಂಗಸರಿಗೆ ಫ್ರೀ ಅಂತ ಹಿಂಗಾ ಓಡಾಡೋದು?"

ಇಂಥ ಅತ್ತೆ ನಮ್ಮ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ನಾನು ಅದೇ ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕ, ಅಂದರೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ "ಈ ಸಲ ಕರೀತಾರೋ ಇಲ್ವೋ" ಎಂದು ಉಗುರು ಕಚ್ಚುವ ಜಾತಿ. ಹೆದರಿಕೆ ನಮ್ಮ ವಂಶದಲ್ಲೇ ಇದೆ, ಅತ್ತೆಗೆ ಬಡ್ತಿ ಸಿಕ್ಕಿದೆ ಅಷ್ಟೆ. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಜೂನ್ ಹತ್ತಿರ ಬರುತ್ತಿದೆ.

ಎರಡು ವರ್ಷದ ಹಿಂದೆ ಹೊಸ ಕುಲಪತಿಗಳು ಬಂದರು. ಬಂದ ವಾರದಲ್ಲೇ ಸಭೆ ಕರೆದು, ಮುಂದಿನ ಜನವರಿಗೆ ಪರಿಶೀಲನಾ ಸಮಿತಿ ಬರುತ್ತದೆ, ಅಷ್ಟರಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಅಂತರರಾಷ್ಟ್ರೀಯ ದೃಷ್ಟಿಕೋನ ಬಂದಿರಬೇಕು ಎಂದರು. ಹೇಗೆ ಬರಿಸುವುದು? ಒಬ್ಬ ಪ್ರೊಫೆಸರು ಮುಖ್ಯದ್ವಾರದಲ್ಲಿ ಎಲ್ಲ ದೇಶಗಳ ಬಾವುಟ ನೆಡೋಣ ಎಂದರು. ಇನ್ನೊಬ್ಬರು ಕ್ಯಾಂಟೀನಿನ ಚಿತ್ರಾನ್ನಕ್ಕೆ 'ಲೆಮನ್ ರೈಸ್' ಎಂದು ಬೋರ್ಡು ಹಾಕಿದರೆ ಒಳ್ಳೆಯ ಆರಂಭವಾದೀತು ಎಂದರು. ಮೂರನೆಯವರು ತಮ್ಮನ್ನು ಯೂರೋಪಿಗೆ ಕಳಿಸಿದರೆ ಅಲ್ಲಿಂದ ದೃಷ್ಟಿಕೋನವನ್ನು ಸ್ವತಃ ತರುವುದಾಗಿ ಹೇಳಿದರು. ಕೊನೆಗೆ, ಹೊರದೇಶದ ಒಬ್ಬ ವಿದ್ಯಾರ್ಥಿಯಾದರೂ ಇಲ್ಲಿ ಓದುತ್ತಿರಬೇಕು, ಅದನ್ನು ನೋಡಿಕೊಳ್ಳಲು ಒಂದು ವಿಭಾಗ ಬೇಕು ಎಂದಾಯಿತು. ಅದಕ್ಕೆ ಯಾರು ಮುಖ್ಯಸ್ಥರಾಗಬೇಕೆಂದು ಪ್ರೊಫೆಸರುಗಳು ಜಗಳವಾಡಿದರು. ಜಗಳ ಮುಗಿಯದ್ದರಿಂದ ಕುಲಪತಿಗಳು, ಮೂಲೆಯಲ್ಲಿ ಕೂತು ಸಭೆಯ ನಡಾವಳಿ ಬರೆಯುತ್ತಿದ್ದ ಅತ್ತೆಯ ಕಡೆ ತಿರುಗಿ, "ಮೇಡಂ, ನೀವೇ ನೋಡ್ಕೊಳ್ಳಿ" ಎಂದುಬಿಟ್ಟರು.

"ಸಾರ್, ನಾನು ತಿರುಪತಿ ದಾಟಿ ಆಚೆ ಹೋದವಳಲ್ಲ."

"ನೀವು ಹೋಗ್ಬೇಕಾಗಿಲ್ಲ ಮೇಡಂ. ಅವರೇ ಬರ್ತಾರೆ."

ಅದೇ ಅತ್ತೆಯ ನಿದ್ದೆ ಕೆಡಿಸಿದ್ದು. ಬಂದರೆ ಏನು ಗತಿ?

ಪ್ರವೇಶ ಕೋರಿ ಹೊರದೇಶಗಳಿಂದ ಕೆಲವು ಮಿಂಚಂಚೆಗಳು ಬಂದವು. ಅವಕ್ಕೆಲ್ಲ ಕಳಿಸಲು ಬಣ್ಣದ ಕೈಪಿಡಿಯೊಂದು ಸಿದ್ಧವಿತ್ತು, 'ವಿಶ್ವದರ್ಜೆಯ ಹಸಿರು ಆವರಣ' ಎಂಬ ತಲೆಬರಹದೊಂದಿಗೆ. ಹಸಿರು ಎಂಬುದು ನಿಜ, ಪಾರ್ಥೇನಿಯಂ. ಅತ್ತೆಗೆ ಅದನ್ನು ಕಳಿಸಲು ಧೈರ್ಯ ಬರಲಿಲ್ಲ. "ಇದನ್ನ ನಂಬ್ಕೊಂಡು ಯಾರೋ ಹೆತ್ತೋರು ಮಕ್ಕಳನ್ನ ಕಳಿಸಿಬಿಟ್ರೆ?" ಎಂದು ತಾವೇ ಒಂದು ಪತ್ರ ಬರೆದರು. 'ಪ್ರಿಯ ಅಭ್ಯರ್ಥಿ' ಎಂದಿದ್ದನ್ನು ಹೊಡೆದು 'ಪ್ರಿಯ ಮಗುವೇ' ಎಂದು ಮಾಡಿದರು. ನೀರು ದಿನ ಬಿಟ್ಟು ದಿನ ಬರುತ್ತದೆ, ಬಕೆಟ್ಟು ನಾನು ಕೊಡಿಸುತ್ತೇನೆ. ಗೇಟಿನ ಹತ್ತಿರ ಐದು ನಾಯಿಗಳಿವೆ, ಅದರಲ್ಲಿ ಕಂದು ಬಣ್ಣದ್ದನ್ನು ಮಾತ್ರ ನಂಬಬೇಡ. ಕೋತಿಗಳ ಎದುರು ಬಾಳೆಹಣ್ಣು ತಿನ್ನಬೇಡ. ಹೆಣ್ಣುಮಕ್ಕಳ ಹಾಸ್ಟೆಲಿನ ಎರಡನೇ ಬಚ್ಚಲಿನ ಚಿಲಕ ಸರಿಯಿಲ್ಲ, ಮೂರು ಸಲ ಬರೆದರೂ ಯಾರೂ ರಿಪೇರಿ ಮಾಡಿಲ್ಲ, ನೀನು ಮೂರನೆಯದಕ್ಕೇ ಹೋಗು. ಹೀಗೆ ನಾಲ್ಕು ಪುಟ. ಇಂಗ್ಲಿಷು ತಿದ್ದಲು ನನಗೆ ಕೊಟ್ಟರು. ನಾನು ಇಂಗ್ಲಿಷು ತಿದ್ದಿದೆನೇ ಹೊರತು ನಾಯಿಯನ್ನು ಮುಟ್ಟಲಿಲ್ಲ.

ಪತ್ರದ ನಕಲು ನೋಡಿ ಕುಲಸಚಿವರು ಕುರ್ಚಿಯಿಂದ ಎದ್ದುಬಿಟ್ಟರು. "ಮೇಡಂ, ಇದು ಆಹ್ವಾನಾನಾ, ಎಚ್ಚರಿಕೆಯಾ?"

"ಎರಡೂ ಸಾರ್."

ಬರೆದವರು ಯಾರೂ ಮತ್ತೆ ಬರೆಯಲಿಲ್ಲ, ಒಬ್ಬಳನ್ನು ಬಿಟ್ಟು. ಉಗಾಂಡ ದೇಶದ ಹುಡುಗಿ, ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಮಾಡಲು ಬರುತ್ತೇನೆಂದಳು. ಆಮೇಲೆ ಗೊತ್ತಾದದ್ದು, ಅವಳು ಐದಾರು ವಿಶ್ವವಿದ್ಯಾಲಯಗಳಿಗೆ ಬರೆದಿದ್ದಳಂತೆ. "ಎಲ್ಲರೂ ವಿಶ್ವದರ್ಜೆ ಅಂದ್ರು. ಚಿಲಕದ ಬಗ್ಗೆ ಹೇಳಿದ್ದು ಇವರೊಬ್ಬರೇ. ಇಂಥವರಿರೋ ಕಡೆಗೆ ಮಗಳನ್ನ ಕಳಿಸಬಹುದು ಅಂದ್ರು ನಮ್ಮಪ್ಪ" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಾಗ ನಾನು ಅದನ್ನು ಕುಲಸಚಿವರಿಗೆ ಎರಡು ಸಲ ಅನುವಾದಿಸಿ ಹೇಳಿದೆ.

ಅವಳನ್ನು ಕರೆತರಲು ಅತ್ತೆ ವಿಮಾನ ನಿಲ್ದಾಣಕ್ಕೆ ಐದು ಗಂಟೆ ಮುಂಚೆಯೇ ಹೋಗಿ ನಿಂತರು. ಜೊತೆಗೆ ನಾನು. ಅವಳ ಹೆಸರಿನ ಬೋರ್ಡನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಬರೆದು, ಅದರ ಕೆಳಗೆ ತೆಲುಗಿನಲ್ಲೂ ಬರೆದಿದ್ದರು. ತೆಲುಗು ಯಾಕೆ ಎಂದರೆ, "ಯಾವುದಕ್ಕೂ ಇರ್ಲಿ" ಎಂದರು. ಹುಡುಗಿ ಬಂದಳು, ಎತ್ತರದ ಆಳು, ನಿಧಾನದ ನಗು. ಹೆಸರು ಪೇಷನ್ಸ್. ದಾರಿಯಲ್ಲಿ ಅತ್ತೆ ಆ ಹೆಸರಿನ ಅರ್ಥ ಕೇಳಿದರು. ತಾಳ್ಮೆ, ಸಹನೆ ಎಂದೆ. "ಸಹನಾ. ಹಂಗನ್ನು ಮತ್ತೆ. ನಮ್ಮ ಬೀದೀಲೇ ಇಬ್ಬರು ಸಹನಾ ಇದಾರೆ" ಎಂದು ನಿರಾಳರಾದರು. ಹೊಸಕೋಟೆ ದಾಟುವಷ್ಟರಲ್ಲಿ ಅವಳು ಸಹನಾ ಆಗಿದ್ದಳು.

ಮೊದಲ ಪ್ರಶ್ನೆ ಊಟದ್ದು. ನಮ್ಮ ಊಟ ಅವಳಿಗೆ ಹಿಡಿಸದೆ ಹೊಟ್ಟೆ ಕೆಟ್ಟು ದೇಶದ ಮಾನ ಹೋದರೆ? ಅತ್ತೆ ಹಾಸ್ಟೆಲಿನ ಅಡುಗೆಯವರಿಗೆ ಕಟ್ಟಪ್ಪಣೆ ಮಾಡಿದರು: ಹೊರದೇಶದ ಹುಡುಗಿಗೆ ಬ್ರೆಡ್ಡು, ಜಾಮು, ನೂಡಲ್ಸು ಬಿಟ್ಟು ಬೇರೇನೂ ಹಾಕಕೂಡದು. ಹುಡುಗಿ ಮರ್ಯಾದಸ್ಥೆ, ಎರಡು ವಾರ ಮೂರು ಹೊತ್ತೂ ಬ್ರೆಡ್ಡು ತಿಂದಳು. ಕೆನ್ನೆ ಇಳಿಯಿತು. ಅತ್ತೆ ಗಾಬರಿಯಾಗಿ ಇನ್ನೊಂದು ಬಗೆಯ ಜಾಮು ತರಿಸಿದರು. ಕೊನೆಗೊಂದು ಭಾನುವಾರ ತಮ್ಮ ಮನೆಗೇ ಕರೆದರು. ಮೇಜಿನ ಮೇಲೆ ಅವಳಿಗೆ ಬ್ರೆಡ್ಡು, ನಮಗೆ ಮುದ್ದೆ ಬಸ್ಸಾರು. ನನ್ನ ತಟ್ಟೆಗೆ ಮುದ್ದೆ ಬಿದ್ದದ್ದೇ ತಡ, ಹುಡುಗಿ ಅದನ್ನೇ ನೋಡುತ್ತಾ "ಕಾಲೋ" ಎಂದಳು.

"ಕಾಲಾ? ಏನಾಯ್ತಮ್ಮ ಕಾಲಿಗೆ?" ಎಂದು ಅತ್ತೆ ಸೌಟು ಹಿಡಿದುಕೊಂಡೇ ಮೇಜಿನ ಕೆಳಗೆ ಬಗ್ಗಿದರು. "ಊದ್ಕೊಂಡೈತಾ ನೋಡೋ."

ಊದಿರಲಿಲ್ಲ. ಅವಳ ಊರಿನ ಕಡೆ ರಾಗಿ ಮುದ್ದೆಗೆ ಕಾಲೋ ಎನ್ನುತ್ತಾರಂತೆ. ಹುಟ್ಟಿದಾಗಿನಿಂದ ತಿಂದದ್ದು ಅದನ್ನೇ, ಕಡಲೆಕಾಯಿ ಗೊಜ್ಜಿನ ಜೊತೆ. ನನ್ನ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದೆ. ನಮ್ಮ ರಿಜಿಸ್ಟ್ರಾರ್ ಆಫೀಸಿನ ಕರಾವಳಿ ಕಡೆಯ ಗುಮಾಸ್ತರಿಗೆ ಹತ್ತು ವರ್ಷದಲ್ಲಿ ಬರದ ಮುದ್ದೆ ಮುರಿಯುವ ಕಲೆ ಅವಳ ಬೆರಳಿನಲ್ಲಿತ್ತು. ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ನೋಡಿದಳು. ಅತ್ತೆ ಗೋಡೆಗೆ ಒರಗಿ ನಿಂತು, "ಹದಿನೈದು ದಿನ ಬ್ರೆಡ್ಡು ಹಾಕ್ದೆನಲ್ಲೋ ಈ ಮಗೂಗೆ. ಪಾಪಿ ನಾನು" ಎಂದರು.

ಜನವರಿ ಬಂತು, ಸಮಿತಿ ಬರುವ ದಿನವೂ ನಿಗದಿಯಾಯಿತು. ಸಮಿತಿಯವರಿಗೆ ಸಹನಾಳೇ ಹೂಗುಚ್ಛ ಕೊಡಬೇಕೆಂದು ಕುಲಪತಿಗಳ ಅಪ್ಪಣೆ. ಇದ್ದ ಒಬ್ಬಳೇ ಹೊರದೇಶದವಳು ಅವಳಲ್ಲವೇ? ಆದರೆ ಅವಳು ಆ ವಾರ ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿದ್ದಳು, ನಾರಾಯಣಮ್ಮ ಎಂಬ ರೈತ ಮಹಿಳೆಯ ಹುಳುಮನೆಯಲ್ಲಿ, ತನ್ನ ಪ್ರಬಂಧದ ಕೆಲಸಕ್ಕೆ. ಹಿಂದಿನ ಸಂಜೆಯೇ ಬರಬೇಕಿತ್ತು, ಬರಲಿಲ್ಲ. ಫೋನು ಸ್ವಿಚ್ ಆಫ್. ಅತ್ತೆ ಆ ಸಂಜೆ ಎಷ್ಟು ಲೋಟ ನೀರು ಕುಡಿದರೋ ಲೆಕ್ಕವಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ, ಸಮಿತಿಯ ಕಾರುಗಳು ಬರಲು ಎರಡು ಗಂಟೆ ಇರುವಾಗ, ನಾರಾಯಣಮ್ಮನ ಫೋನು ಬಂತು. ಅತ್ತೆ ಸ್ಪೀಕರಿಗೆ ಹಾಕಿದರು. "ಮೇಡಮ್ಮೋ, ಹುಡ್ಗಿ ಇವತ್ತು ಬರಲ್ವಂತೆ. ನಾಲ್ಕನೇ ಜ್ವರ... ಏಳೋ ಗಂಟ ಅಲ್ಲಾಡ್ಸಂಗಿಲ್ಲ..." ಅಷ್ಟರಲ್ಲಿ ಕಟ್ಟಾಯಿತು. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ.

ಅತ್ತೆಯ ಮುಖ ಸುಣ್ಣವಾಯಿತು. "ನಾಲ್ಕನೇ ಸಲ ಜ್ವರ ಅಂತೆ ಕಣೋ. ಮೂರು ಸಲ ಬಂದು ಹೋಗಿದ್ರೂ ಹೇಳಿಲ್ಲ ನನಗೆ. ಅಲ್ಲಾಡ್ಸೋ ಹಂಗೂ ಇಲ್ವಂತೆ."

"ಅತ್ತೆ, ಸಮಿತಿ ಬರೋ ಹೊತ್ತು. ನೀವು ಹೋಗ್ಬಿಟ್ರೆ ಮೆಮೋ ಕೊಡ್ತಾರೆ. ರಿಟೈರ್ ಆಗೋಕೆ ಎಂಟು ತಿಂಗಳಿದೆ."

"ಕೊಡ್ಲಿ. ನೀನು ಬರ್ತೀಯೋ, ನಾನೊಬ್ಬಳೇ ಹೋಗ್ಲೋ?"

ನನಗೆ ಜೂನ್ ತಿಂಗಳು ಕಣ್ಣ ಮುಂದೆ ಬಂತು. ಆದರೂ ಹೊರಟೆ. ದಾರಿಯಲ್ಲಿ ಥರ್ಮಾಮೀಟರು, ಮಾತ್ರೆ, ಓ.ಆರ್.ಎಸ್. ಪೊಟ್ಟಣ ಕೊಂಡೆವು. ಮುಳಬಾಗಿಲಿನ ಬಸ್ಸಿನಲ್ಲಿ ಅತ್ತೆ ಎರಡನೇ ಸ್ಟಾಪಿನಲ್ಲಿ ಇಳಿಯಲಿಲ್ಲ. ಅದನ್ನು ನೋಡಿ ನಿಜಕ್ಕೂ ನನಗೆ ಭಯವಾಯಿತು. ಡೆಂಗ್ಯೂವೋ, ಟೈಫಾಯಿಡ್ಡೋ, ಬೈರಕೂರಿನಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂದೀತು, ಅವಳ ಅಪ್ಪನಿಗೆ ಏನೆಂದು ಹೇಳುವುದು. ಅತ್ತೆ ಗಟ್ಟಿಯಾಗಿ ಯೋಚಿಸುತ್ತಿದ್ದರು, ನಾನು ಒಳಗೊಳಗೇ. ಮುಳಬಾಗಿಲಿನಲ್ಲಿ ಆಟೋ ಹಿಡಿದೆವು. ಡ್ರೈವರಿಗೂ ವಿಷಯ ಗೊತ್ತಾಗಿ, "ಪರೇಶಾನ್ ನಕ್ಕೋ ಅಮ್ಮಾ, ಗಾಬರಿ ಬೀಳ್ಬೇಡಿ, ಹತ್ತೇ ನಿಮಿಷ" ಎಂದು, ಇದ್ದಬದ್ದ ಗುಂಡಿಗಳ ಮೇಲೆಲ್ಲ ಹಾರಿಸಿ ಕರೆದೊಯ್ದ.

ನಾರಾಯಣಮ್ಮನ ಮನೆ ಮುಂದೆ ಇಳಿದವರೇ ಅತ್ತೆ "ಸಹನಾ" ಎಂದು ಕೂಗುತ್ತಾ ಓಡಿದರು. ಹುಳುಮನೆಯ ಬಾಗಿಲಿನಿಂದ ನಾರಾಯಣಮ್ಮ ಬಾಯಿಗೆ ಬೆರಳಿಟ್ಟುಕೊಂಡು ಹೊರಗೆ ಬಂದರು.

"ಶ್. ಮೆಲ್ಲಗೆ ಮೇಡಮ್ಮೋ. ಜ್ವರಕ್ಕೆ ಕೂತವೆ."

"ಯಾರು ಕೂತವ್ರೆ?"

"ಹುಳ."

ಅತ್ತೆ ನನ್ನ ಮುಖ ನೋಡಿದರು, ನಾನು ಆಟೋ ಡ್ರೈವರಿನ ಮುಖ ನೋಡಿದೆ. ಅವನು ಆಕಾಶ ನೋಡಿದ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಕೋಲಾರ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ನಮ್ಮದು ಮೂರು ತಲೆಮಾರಿನಿಂದ ಟೊಮ್ಯಾಟೊ ಮನೆ, ಹುಳು ಸಾಕಿದವರಲ್ಲ. ಇಷ್ಟು ಬಿಟ್ಟರೆ ನನ್ನ ಬಳಿ ಬೇರೆ ಸಮರ್ಥನೆಯಿಲ್ಲ.

ಒಳಗೆ ಸಹನಾ ಹುಳುವಿನ ತಟ್ಟೆಗಳ ನಡುವೆ ಮಂಡಿಯೂರಿ ಕೂತು, ಗೋಡೆಯ ಮಾಪಕ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡು ಗಂಟೆಗೊಮ್ಮೆ ಶಾಖ, ತೇವ ಬರೆಯಬೇಕಂತೆ, ಒಂದು ಹೊತ್ತು ಬಿಟ್ಟರೂ ತಿಂಗಳ ಕೆಲಸ ಮಣ್ಣುಪಾಲಂತೆ. ಬರಲಾಗುವುದಿಲ್ಲ ಎಂದು ಕಳಿಸಿದ ಸಂದೇಶ ಸಿಗ್ನಲ್ಲಿಲ್ಲದೆ ಅವಳ ಫೋನಿನಲ್ಲೇ ಕೂತಿತ್ತು, ಆಮೇಲೆ ಫೋನೂ ಸತ್ತಿತ್ತು. ಅತ್ತೆಯನ್ನು ಕಂಡು ಅವಳು ಪಿಸುಗುಟ್ಟಿದಳು, ಕಲಿತ ಅಷ್ಟೂ ಕನ್ನಡದಲ್ಲಿ: "ಅತ್ತೆ, ಕೂತ್ಕೊಳ್ಳಿ. ಶಬ್ದ ಬೇಡ. ಸಂಜೆ ಏಳ್ತವೆ."

ಅತ್ತೆ ಆದರೂ ಬಿಡಲಿಲ್ಲ, ಥರ್ಮಾಮೀಟರನ್ನು ಅವಳ ಬಾಯಿಗಿಟ್ಟೇ ಸಮಾಧಾನಪಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರು ಹುಳುಗಳ ಮುಂದೆ ಕೈಕಟ್ಟಿ ಕೂತು, "ಎಲ್ಲಾ ಏಳ್ತವೇನಮ್ಮಾ? ಅಕಸ್ಮಾತ್ ಯಾವುದಾದ್ರೂ ಏಳ್ದೇ ಹೋದ್ರೆ?" ಎಂದು ನಾರಾಯಣಮ್ಮನನ್ನು ಪೀಡಿಸುತ್ತಿದ್ದರು. ಸಂಜೆ ಎಲ್ಲ ಎದ್ದವು. ಅತ್ತೆ ಓ.ಆರ್.ಎಸ್. ನೀರನ್ನು ತಾವೇ ಕುಡಿದರು.

ಇತ್ತ ವಿಶ್ವವಿದ್ಯಾಲಯದಲ್ಲಿ ಸಮಿತಿಯ ಅಧ್ಯಕ್ಷರು ಕೇಳಿದರಂತೆ: "ನಿಮ್ಮ ವಿದೇಶಿ ವಿದ್ಯಾರ್ಥಿನಿ ಎಲ್ಲಿ?"

ಕುಲಪತಿಗಳಿಗೆ ಬೆವರು. "ಹಳ್ಳಿಯಲ್ಲಿದ್ದಾಳೆ ಸಾರ್. ರೈತರ ಮನೆಯಲ್ಲಿ."

"ಆ ವಿಭಾಗದ ಅಧಿಕಾರಿ?"

"ಅವರೂ ಅಲ್ಲೇ ಇದ್ದಾರೆ ಸಾರ್."

ಅಧ್ಯಕ್ಷರು ಕನ್ನಡಕ ತೆಗೆದು, ತಮ್ಮ ವಿಶ್ವವಿದ್ಯಾಲಯದಲ್ಲಿ ಇನ್ನೂರು ವಿದೇಶಿಯರಿದ್ದಾರೆ, ಒಬ್ಬರೂ ಹಾಸ್ಟೆಲು ದಾಟಿ ಒಂದು ಹಳ್ಳಿ ನೋಡಿಲ್ಲ, ಇಲ್ಲಿ ಅಧಿಕಾರಿಗಳೇ ಜೊತೆಗೆ ಹೋಗುತ್ತಾರಲ್ಲ ಎಂದು ಬೆರಗಾಗಿ ವರದಿಯಲ್ಲಿ ಎರಡು ಸಾಲು ಮೆಚ್ಚುಗೆ ಬರೆದರಂತೆ. ಅತ್ತೆಗೆಂದು ಟೈಪಾಗಿದ್ದ ಮೆಮೋವನ್ನು ಕುಲಸಚಿವರು ತಾವೇ ಹರಿದರು. ಮುಂದಿನ ವಾರ ಕುಲಪತಿಗಳು ಅತ್ತೆಯನ್ನು ಕರೆಸಿ, ವಿಶ್ವವಿದ್ಯಾಲಯ ಇನ್ನಷ್ಟು ಅಂತರರಾಷ್ಟ್ರೀಯವಾಗಲು ಏನು ಮಾಡಬೇಕು, ಒಂದು ವರದಿ ಕೊಡಿ ಎಂದು ಕೇಳಿದರು. ಅತ್ತೆ ಅಲ್ಲೇ ಒಂದು ಸಾಲು ಬರೆದುಕೊಟ್ಟರು: 'ಎರಡನೇ ಬಚ್ಚಲಿನ ಚಿಲಕ ಹಾಕಿಸುವುದು.' ಈ ಸಲ ಹಾಕಿಸಿದರು.

ಈ ಅತ್ತೆಯ ಬಗ್ಗೆ ಇನ್ನೂ ಹೇಳಲು ಬೇಕಾದಷ್ಟಿದೆ. ಶ್ರೀನಿವಾಸಪುರದ ಮಾವಿನ ತೋಪಿಗೆ ಸಹನಾಳನ್ನು ಕರೆದೊಯ್ದು, ಹಣ್ಣು ತಲೆಯ ಮೇಲೆ ಬಿದ್ದೀತೆಂದು ಅವಳಿಗೆ ಹೆಲ್ಮೆಟ್ ಹಾಕಿಸಿದ್ದು ಬೇರೆಯೇ ಕಥೆ. ಆದರೆ ಇದನ್ನೆಲ್ಲ ಬರೆಯುತ್ತಿರುವಾಗ ಮನಸ್ಸಿಗೆ ಪದೇಪದೇ ಬರುವುದು ಮೇ ತಿಂಗಳ ಒಂದು ಮಧ್ಯಾಹ್ನ.

ಸಹನಾಳ ಅಣ್ಣ ಫೋನು ಮಾಡಿದ್ದ. ಅಪ್ಪ ತೀರಿಕೊಂಡಿದ್ದರು, ಹೃದಯಾಘಾತ. ಮರುದಿನವೇ ಮಣ್ಣು. ಆ ಕ್ಷಣಕ್ಕೆ ಹೊರಟರೂ ಅವಳು ಮಣ್ಣಿನ ಹೊತ್ತಿಗೆ ತಲುಪುವಂತಿರಲಿಲ್ಲ. ಅತ್ತೆ ಹಾಸ್ಟೆಲಿಗೆ ಹೋಗಿ ಅವಳನ್ನು ತಮ್ಮ ಮನೆಗೆ ಕರೆತಂದರು. ನಾನು ಹೋದಾಗ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅತ್ತೆ ಕೇಳಿದರು, "ನಿಮ್ಮಲ್ಲಿ ಇವತ್ತು ಏನು ಮಾಡ್ತಾರಮ್ಮಾ?"

ಮನೆ ಮುಂದೆ ಬೆಂಕಿ ಹಾಕುತ್ತಾರೆ ಎಂದಳು. ಊರವರು ಬಂದು ಸುತ್ತಲೂ ಕೂರುತ್ತಾರೆ. ಮಾತಾಡಲೇಬೇಕೆಂದಿಲ್ಲ, ಕೂತರೆ ಸಾಕು.

"ನಮ್ಮಲ್ಲೂ ಹಾಕ್ತಾರೆ" ಎಂದು ಅತ್ತೆ ಎದ್ದರು.

ನನಗೆ ದಿಗಿಲಾಯಿತು. ಅದು ಬಾಡಿಗೆ ಮನೆ. ಸಾವೇ ಆಗದ ಮನೆಯ ಮುಂದೆ ಸಾವಿನ ಬೆಂಕಿ ಹಾಕಿದರೆ ಬೀದಿಯವರು ಸುಮ್ಮನಿರುತ್ತಾರೆಯೇ? ಅತ್ತೆಗೆ ಮಾತ್ರ ಅದು ಹೊಳೆದಂತೆಯೇ ಕಾಣಲಿಲ್ಲ. ಅಂಗಳಕ್ಕೆ ಇಳಿದು ತೆಂಗಿನ ಗರಿ ಆಯತೊಡಗಿದರು. ಕೆಳಮನೆಯಲ್ಲಿರುವ ಮಾಲೀಕರು, ಮರಗೆಲಸ ಮಾಡಿಸುವ ವಯಸ್ಸಾದ ಸಾಬರು, ಹೊರಗೆ ಬಂದರು.

"ಏನಮ್ಮಾ ಇದು? ಯಾರಿಗೇನಾಯ್ತು?"

"ಈ ಹುಡುಗಿ ತಂದೆ ಹೋಗ್ಬಿಟ್ರು ಸಾಬ್ರೇ. ಅಲ್ಲಿ, ಅವರ ದೇಶದಲ್ಲಿ."

ಸಾಬರು ಸಹನಾಳನ್ನು ನೋಡಿದರು. ಒಳಗೆ ಹೋದರು. ಬೈಯಲು ಹೆಂಡತಿಯನ್ನೂ ಕರೆತರುತ್ತಾರೆ ಎಂದುಕೊಂಡೆ. ಕಾರ್ಖಾನೆಯ ಮರದ ತುಂಡುಗಳನ್ನು ಒಂದು ಮಕ್ಕರಿ ತುಂಬಾ ತಂದು ಸುರಿದರು. "ಗರಿ ನಿಲ್ಲಲ್ಲ ಅಮ್ಮಾ. ಇದು ಹಾಕಿ" ಎಂದು ಒಂದು ಸ್ಟೂಲು ಎಳೆದುಕೊಂಡು ಕೂತರು. ಬೆಂಕಿ ಹತ್ತಿದ ಮೇಲೆ ಕೇಳಿದರು, "ಬೇಟಾ, ನಿಮ್ಮಪ್ಪನ ಹೆಸರೇನು?"

ಅವಳು ಹೇಳಿದಳು. ಅದುವರೆಗೆ ಆ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ. ಸಾಬರು ಅದನ್ನು ತಪ್ಪಾಗಿ ಒಮ್ಮೆ, ಸರಿಯಾಗಿ ಒಮ್ಮೆ ಅಂದರು. ಅತ್ತೆಯೂ ಅಂದರು. ಆಗ ಅವಳಿಗೆ ಅಳು ಬಂತು.

ಎದುರು ಮನೆಯವರು ಬಂದು ಕೂತರು. ಬೀದಿಯ ಇಬ್ಬರು ಸಹನಾರೂ ಅಮ್ಮಂದಿರ ಜೊತೆ ಬಂದರು. ಕತ್ತಲಾಗುವ ಮೊದಲೇ ಇಪ್ಪತ್ತು ಜನರಾಗಿದ್ದರು. ಪಕ್ಕದ ಬೀದಿಯಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬರು, ಬರೀ ಬೆಂಕಿ ಕಂಡು ಬುಟ್ಟಿ ಇಳಿಸಿ, ಅಂಚಿನಲ್ಲಿ ನಿಂತಿದ್ದ ನನ್ನನ್ನು ತೆಲುಗಿನಲ್ಲಿ ಕೇಳಿದರು, "ಎವರಪ್ಪಾ ಪೋಯಿಂದಿ?"

ಯಾರು ಹೋದರೆಂದು ಎಲ್ಲಿಂದ ಶುರು ಮಾಡಿ ಹೇಳಬೇಕೋ ನನಗೆ ತಿಳಿಯಲಿಲ್ಲ.

"ಮಾವಾಳ್ಳೇ ಅಮ್ಮಾ" ಎಂದೆ. ನಮ್ಮವರೇ.

ಮುದುಕಿ ತಲೆಯ ಮೇಲೆ ಸೆರಗು ಹೊದ್ದುಕೊಂಡು, ಸಹನಾಳ ಪಕ್ಕ ಜಾಗ ಮಾಡಿಕೊಂಡು ಕೂತರು.